ಬರಲಿರುವ ಅಂಗೈ ಲಿನಕ್ಸ್ ಕಂಪ್ಯೂಟರ್: ಈಗಲೇ ದುಡ್ಡು ಕಟ್ಟಬೇಕಾ?

ಹೋದ ಭಾನುವಾರ ಅಕ್ಕನ ಮಗ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದ. ಕೈಗೆ ಕಾಫಿ ಲೋಟ ಬರುವ ಮೊದಲೇ ಫೋನನ್ನು ನನ್ನ ಮುಂದೆ ಹಿಡಿದ. "ಮಾಮ, ಇದನ್ನೊಮ್ಮೆ ನೋಡಿ. ಮುಂಗಡ ಕಟ್ಟೋರಿಗೆ ಕೊಡೋ ರಿಯಾಯಿತಿ ಇನ್ನು ಐದೇ ದಿನ ಅಂತೆ. ಕಟ್ಟಿಬಿಡ್ಲಾ?" ಅಲ್ಲೊಂದು ಪುಟ್ಟ ಯಂತ್ರದ ಚಿತ್ರ. ಐದು ಇಂಚಿನ ಪರದೆ, ಅದರ ಕೆಳಗೆ ಹೆಬ್ಬೆರಳಿನಲ್ಲಿ ಒತ್ತುವ ಕೀಬೋರ್ಡು, ಒಳಗೆ ಪೂರ್ತಿ ಲಿನಕ್ಸ್, ಅಂದರೆ ವಿಂಡೋಸ್ ಥರದ್ದೇ ಆದರೆ ಮುಕ್ತವಾದ ಕಾರ್ಯಾಚರಣೆ ವ್ಯವಸ್ಥೆ. 8 ಜಿಬಿ ರ‍್ಯಾಮ್, 5000 ಎಂಎಎಚ್ ಬ್ಯಾಟರಿ. ಕೈಗೆ ಬರುವುದು ಮುಂದಿನ ವರ್ಷದ ಮೊದಲ ಭಾಗದಲ್ಲಿ ಅಂತ ಬರೆದಿತ್ತು.

ಅವನ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಇಬ್ಬರದ್ದೂ ಸರ್ವರ್ ನೋಡಿಕೊಳ್ಳುವ ಕೆಲಸ. ಎಲ್ಲೋ ಒಂದು ಡಿಸ್ಕ್ ತುಂಬಿತು ಅಂತ ಸಂದೇಶ ಬಂದರೆ ಆಗಲೇ ಒಳಗೆ ಹೋಗಿ ನೋಡಬೇಕು. ಬೆಳಗ್ಗೆ ಎಂಟರ ಫಾಸ್ಟ್ ಲೋಕಲ್‌ನಲ್ಲಿ ಲ್ಯಾಪ್‌ಟಾಪ್ ಬಿಚ್ಚುವ ಮಾತೇ ಇಲ್ಲ, ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಂತಿರುತ್ತೇವೆ. ಫೋನಿನಲ್ಲಿ ಟರ್ಮಿನಲ್, ಅಂದರೆ ಆಜ್ಞೆಗಳನ್ನು ಅಕ್ಷರದಲ್ಲೇ ಬರೆದು ಕೊಡುವ ಕಿಟಕಿ, ತೆರೆಯಬಹುದು. ಆದರೆ ಕೀಬೋರ್ಡು ಮೇಲೆದ್ದರೆ ಅರ್ಧ ಪರದೆ ಮುಚ್ಚಿ ಹೋಗುತ್ತದೆ. ಹೋದ ಮಳೆಗಾಲದಲ್ಲಿ ಹಳಿ ಮೇಲೆ ನೀರು ನಿಂತು ಕುರ್ಲಾ ಹತ್ತಿರ ಗಾಡಿ ಮುಕ್ಕಾಲು ಗಂಟೆ ನಿಂತಿತ್ತು. ಆ ಹೊತ್ತಿನಲ್ಲೇ ಅವನ ಆಫೀಸಿನ ಡೇಟಾಬೇಸ್ ಕೈಕೊಟ್ಟಿತು. ಒಂದು ಕೈ ಮೇಲಿನ ಹಿಡಿಯಲ್ಲಿ, ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಪೈಪ್ ಚಿಹ್ನೆ (|) ಹುಡುಕುತ್ತಾ ಅದನ್ನು ಸರಿಮಾಡಿದ. ಜೇಬಿನಲ್ಲಿ ನಿಜವಾದ ಕೀಗಳಿರುವ ಯಂತ್ರ ಬೇಕು ಅಂತ ಅವನಿಗೆ ಅನ್ನಿಸಿದ್ದು ಆವತ್ತೇ.

ಆದರೂ ನಾನು "ಈಗ ಬೇಡ" ಅಂದೆ. ಆ ಯಂತ್ರ ಕೆಟ್ಟದ್ದು ಅಂತಲ್ಲ. ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ ಅಂಕಿಗಳಿಂದ ಅದು ಒಳ್ಳೆಯದೋ ಅಲ್ಲವೋ ತಿಳಿಯುವುದಿಲ್ಲ. ತಿಳಿಯಬೇಕಾದ ಸಂಗತಿಗಳನ್ನು ಅಲ್ಲಿ ಬರೆದೇ ಇರಲಿಲ್ಲ. ಇಂಥ ಅಂಗೈ ಯಂತ್ರಗಳು ಈಗ ಒಂದರ ಹಿಂದೊಂದು ಮುಂಗಡ ಬುಕಿಂಗ್‌ಗೆ ಬರುತ್ತಿವೆ. ಕಟ್ಟುವ ದುಡ್ಡು ಒಂದು ಸಾಮಾನ್ಯ ಲ್ಯಾಪ್‌ಟಾಪ್‌ನ ಬೆಲೆಗೆ ಹತ್ತಿರ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮಾತಿಗೆ ಮೊದಲು ಅವನಿಗೆ ಒಂದು ವಸ್ತು ತೋರಿಸಿದೆ. ಏಳು ವರ್ಷದ ಹಿಂದೆ ನಾನೂ ಹೀಗೇ ಮುಂಗಡ ಕಟ್ಟಿ ತರಿಸಿಕೊಂಡ ಯಂತ್ರ. ಆರು ತಿಂಗಳು ಅಂದದ್ದು ಹತ್ತೊಂಬತ್ತು ತಿಂಗಳಾಗಿ ಬಂತು. ಗೋದ್ರೇಜ್ ಕಪಾಟಿನ ಡ್ರಾಯರಿನಿಂದ ತೆಗೆದು, ಚಾರ್ಜರ್ ಹಾಕಿ, ಹತ್ತು ನಿಮಿಷ ಬಿಟ್ಟು ಆನ್ ಮಾಡಿದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಆವೃತ್ತಿ ಕೇಳುವ ಆಜ್ಞೆ ಕೊಟ್ಟೆ. 4.4 ಅಂತ ತೋರಿಸಿತು. ಅವನು ನನ್ನ ಮುಖ ನೋಡಿದ. 4.4 ಬಂದಿದ್ದು 2016ರ ಜನವರಿಯಲ್ಲಿ. ಅದಕ್ಕೆ ದೋಷ ತಿದ್ದುವ ಕೆಲಸ 2022ರ ಫೆಬ್ರವರಿಯಲ್ಲೇ ನಿಂತಿತು. ಆದರೆ ಈ ಯಂತ್ರ ಅಲ್ಲೇ ನಿಂತಿದೆ. ವೈಫೈ ನಡೆಸುವ ತಂತ್ರಾಂಶವನ್ನು, ಅಂದರೆ ಡ್ರೈವರನ್ನು, ಕಂಪನಿ ಆ ಒಂದು ಕರ್ನಲ್‌ಗೆ ಮಾತ್ರ ಕಟ್ಟಿ, ಮೂಲ ಕೋಡ್ ಕೊಡದೆ ಬಿಟ್ಟಿತ್ತು. ಹೊಸ ಕರ್ನಲ್ ಹಾಕಿದರೆ ವೈಫೈ ಇಲ್ಲ, ವೈಫೈ ಬೇಕಾದರೆ ಹಳೇ ಕರ್ನಲ್ಲೇ ಗತಿ. ಪರದೆ ಇವತ್ತಿಗೂ ಚೆನ್ನಾಗಿದೆ. ಕೀಗಳೂ ಗಟ್ಟಿಯಾಗಿವೆ. ಅದನ್ನು ಹಾಗೆ ನೋಡುವಾಗ ನನಗೆ ಇವತ್ತಿಗೂ ಬೇಜಾರಾಗುತ್ತದೆ.

ಹಾಗಾಗಿ ನಾನು ಮೊದಲು ಕೇಳುವುದು ಚಿಪ್ಪಿನ ಬಗ್ಗೆ. ಅದು ಎಷ್ಟು ವೇಗದ್ದು ಅನ್ನುವುದು ಆಮೇಲೆ. ಅದಕ್ಕೆ ಬೇಕಾದ ಕೋಡ್ ಎಲ್ಲಿದೆ ಅನ್ನುವುದು ಮೊದಲು. ಲಿನಕ್ಸ್‌ಗೆ ಒಂದು ಮೇನ್‌ಲೈನ್ ಕರ್ನಲ್ ಇದೆ, ಎಲ್ಲರಿಗೂ ಮೂಲವಾದದ್ದು. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಎರಡು ಎರಡೂವರೆ ತಿಂಗಳಿಗೊಮ್ಮೆ ಹೊರಗೆ ಬಿಡುವುದು ಅದನ್ನೇ. ಒಂದು ಚಿಪ್ಪಿನ ಡ್ರೈವರುಗಳು ಅದರೊಳಗೆ ಸೇರಿದ್ದರೆ, ಯಂತ್ರ ಮಾಡಿದವರು ನಾಳೆ ಅಂಗಡಿ ಮುಚ್ಚಿದರೂ ಪರವಾಗಿಲ್ಲ. ಡೆಬಿಯನ್, ಫೆಡೋರಾ ಥರದ ಲಿನಕ್ಸ್ ವಿತರಣೆಗಳಲ್ಲಿ ಏನು ಹೊಸದು ಬಂದರೂ ಅದರ ಮೇಲೆ ಓಡುತ್ತದೆ. ಸೇರದಿದ್ದರೆ ಚಿಪ್ ಕಂಪನಿ ಕೊಟ್ಟ ತನ್ನದೇ ತಿದ್ದಿದ ಕರ್ನಲ್ ಮೇಲೆ ಬದುಕಬೇಕು. ಅದನ್ನು ಮುಂದಕ್ಕೆ ಎಳೆದುಕೊಂಡು ಹೋಗುವವರು ಯಾರೂ ಇರುವುದಿಲ್ಲ. 2023ರಲ್ಲಿ ಕರ್ನಲ್ ನೋಡಿಕೊಳ್ಳುವವರು ದೀರ್ಘ ಬೆಂಬಲದ ಆವೃತ್ತಿಗಳ ಅವಧಿಯನ್ನು ಆರು ವರ್ಷದಿಂದ ಎರಡಕ್ಕೆ ಇಳಿಸುವುದಾಗಿ ಹೇಳಿದರು. ಅಂದರೆ ಒಂದೇ ಕರ್ನಲ್‌ಗೆ ಅಂಟಿಕೊಂಡಿರುವ ಯಂತ್ರ ಮೊದಲಿಗಿಂತ ಬೇಗ ಹಳತಾಗುತ್ತದೆ.

ಮೇನ್‌ಲೈನ್‌ಗೆ ಸೇರುವುದು ಸುಲಭದ ಕೆಲಸವೂ ಅಲ್ಲ. ರಾಕ್‌ಚಿಪ್‌ನವರ ಆರ್‌ಕೆ3588 ಚಿಪ್ 2022ರಲ್ಲಿ ಬೋರ್ಡುಗಳಲ್ಲಿ ಬಂತು. ಸಣ್ಣ ಲಿನಕ್ಸ್ ಯಂತ್ರ ಮಾಡುವವರೆಲ್ಲ ಅದರ ಹಿಂದೆ ಬಿದ್ದರು. ಅದರ ಗ್ರಾಫಿಕ್ಸ್‌ಗೆ ಬೇಕಾದ ಪ್ಯಾಂಥರ್ ಡ್ರೈವರ್ ಮೇನ್‌ಲೈನ್‌ಗೆ ಬಂದಿದ್ದು 2024ರ 6.10 ಆವೃತ್ತಿಯಲ್ಲಿ. ಟಿವಿ, ಮಾನಿಟರ್ ಜೋಡಿಸುವ ಎಚ್‌ಡಿಎಂಐ ಕೆಲಸ ಮಾಡಲು 2025ರ ಆರಂಭದ 6.13ರವರೆಗೆ ಕಾಯಬೇಕಾಯಿತು. ಅಷ್ಟು ಹೆಸರುವಾಸಿಯಾದ, ಅಷ್ಟು ಜನ ದುಡಿದ ಚಿಪ್ಪಿನ ಕಥೆಯೇ ಇದು. ಹೆಸರೇ ಕೇಳದ ಚಿಪ್ ಹಾಕಿದ ಯಂತ್ರವನ್ನು ನೋಡುವಾಗ ಇದು ನೆನಪಿರಲಿ. ಇದಕ್ಕೆ ಎದುರಾಗಿ ಪೈನ್‌ಫೋನ್ ಅನ್ನುವ ಲಿನಕ್ಸ್ ಫೋನ್ ನೋಡಿ. 149 ಡಾಲರಿನ ಅದರಲ್ಲಿದ್ದದ್ದು ಆಲ್‌ವಿನ್ನರ್ ಎ64. ಆಗಲೇ ಹಳತಾಗಿದ್ದ, ನಿಧಾನದ ಚಿಪ್. ಆದರೆ ಅದರ ಕೋಡ್ ಬಹುಪಾಲು ಮೇನ್‌ಲೈನ್‌ನಲ್ಲಿತ್ತು. ಹಾಗಾಗಿ ಹತ್ತಾರು ಲಿನಕ್ಸ್ ವಿತರಣೆಗಳು ಅದರ ಮೇಲೆ ಓಡಿದವು. ನನ್ನ ಡ್ರಾಯರಿನ ಯಂತ್ರ ಅದಕ್ಕಿಂತ ವೇಗದ್ದು. ಉಪಯೋಗ ಇಲ್ಲ.

ಇನ್ನು ನಿದ್ದೆ. ಅಂಗೈ ಯಂತ್ರದ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದದ್ದು ನನಗೆ ಇನ್ನೊಂದು ಕಾಣುವುದಿಲ್ಲ. ಆದರೆ ಯಾವ ಜಾಹೀರಾತಿನಲ್ಲೂ ಇದರ ಮಾತೇ ಬರುವುದಿಲ್ಲ. ಫೋನು ಇಡೀ ದಿನ ಬಾಳುವುದು ಬ್ಯಾಟರಿ ದೊಡ್ಡದು ಅಂತಲ್ಲ. ನಾವು ಜೇಬಿಗೆ ಹಾಕಿದ ಕೂಡಲೇ ಅದು ನಿದ್ದೆ ಹೋಗುತ್ತದೆ, ಮತ್ತೆ ಒತ್ತಿದರೆ ಕಣ್ಣು ಬಿಡುತ್ತದೆ, ಅಷ್ಟೇ.

ಲೆಕ್ಕ ಹಾಕೋಣ. ಅಳಿಯ ತೋರಿಸಿದ ಯಂತ್ರದ್ದು 5000 ಎಂಎಎಚ್. 3.7 ವೋಲ್ಟ್‌ನಿಂದ ಗುಣಿಸಿದರೆ 18.5 ವ್ಯಾಟ್ ಅವರ್. ಪರದೆ, ವೈಫೈ ಎರಡೂ ಆನ್ ಇದ್ದು ಕೆಲಸ ಮಾಡುವಾಗ ಇಂಥ ಯಂತ್ರ ನಾಲ್ಕೈದು ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ. ನಾಲ್ಕು ಗಂಟೆ ಬಂತು. ತಕರಾರಿಲ್ಲ, ಲೋಕಲ್ ಪ್ರಯಾಣಕ್ಕೆ ಅಷ್ಟು ಸಾಕು. ಆದರೆ ಅದು ನಿದ್ದೆ ಹೋಗದಿದ್ದರೆ? ಪರದೆ ಆರಿಸಿ ಸುಮ್ನೆ ಬ್ಯಾಗಿನಲ್ಲಿಟ್ಟರೂ ಎರಡು ಎರಡೂವರೆ ವ್ಯಾಟ್ ಹೋಗುತ್ತಲೇ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ಪೂರ್ತಿ ಚಾರ್ಜ್ ಮಾಡಿ ಬ್ಯಾಗಿಗೆ ಹಾಕಿದರೆ ಬೆಳಗ್ಗೆ ಪ್ಲಾಟ್‌ಫಾರ್ಮ್ ಮೇಲೆ ನಿಲ್ಲುವಾಗ ಸತ್ತು ಹೋಗಿರುತ್ತದೆ. ಸರಿಯಾಗಿ ನಿದ್ದೆ ಹೋಗಿ 0.1 ವ್ಯಾಟ್ ಮಾತ್ರ ಎಳೆದರೆ ಅದೇ ಬ್ಯಾಟರಿ ಒಂದು ವಾರ ಕಾಯುತ್ತದೆ. ಬ್ಯಾಟರಿ ಒಂದೇ, ಪರದೆಯೂ ಒಂದೇ. ವ್ಯತ್ಯಾಸ ಇರುವುದೆಲ್ಲ ಆ ಸಸ್ಪೆಂಡ್ ಅನ್ನುವ ಒಂದು ಪದದಲ್ಲಿ.

ರಾಸ್‌ಬೆರಿ ಪೈ ಅನ್ನುವ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್ ಮೇಲೆ ಕಟ್ಟಿದ ಅಂಗೈ ಯಂತ್ರಗಳಿಗೆ ಇಲ್ಲೇ ಪೆಟ್ಟು ಬೀಳುತ್ತದೆ. ಪೈ ಒಳ್ಳೆಯ ಬೋರ್ಡು, ಬೆಂಬಲವೂ ಚೆನ್ನಾಗಿದೆ. ಕ್ಲಾಕ್‌ವರ್ಕ್‌ಪೈ ಕಂಪನಿಯ ಯುಕನ್ಸೋಲ್ ಅನ್ನುವ ಅಂಗೈ ಯಂತ್ರ ಕೂಡ ಪೈಯ ಕಂಪ್ಯೂಟ್ ಮಾಡ್ಯೂಲ್ 4 ಹಾಕಿದ ಮಾದರಿಯಲ್ಲಿ ಬರುತ್ತದೆ. ನೋಡಲು ಬಲು ಚಂದ, ಬ್ಯಾಟರಿಗೆ ಎರಡು 18650 ಸೆಲ್. ಆದರೆ ಪೈ 4 ಇರಲಿ, ಪೈ 5 ಇರಲಿ, ಮೆಮೊರಿ ಉಳಿಸಿಕೊಂಡು ನಿದ್ದೆ ಹೋಗುವ ಗುಣ ಅವಕ್ಕಿಲ್ಲ. ಆನ್ ಇರಬೇಕು, ಇಲ್ಲ ಆಫ್ ಮಾಡಬೇಕು. ಮೇಜಿನ ಮೇಲೆ ಕೂರುವ ಬೋರ್ಡಿಗೆ ಇದು ಕೊರತೆಯೇ ಅಲ್ಲ. ಜೇಬಿನ ಯಂತ್ರಕ್ಕೆ ದೊಡ್ಡ ಕೊರತೆ. ಪೈನ್‌ಫೋನ್‌ನಲ್ಲೂ ಮೊದಮೊದಲು ಇದೇ ಗೋಳಿತ್ತು. ಆಮೇಲೆ ಕ್ರಸ್ಟ್ ಅನ್ನುವ ಮುಕ್ತ ಫರ್ಮ್‌ವೇರ್, ಅಂದರೆ ಯಂತ್ರದೊಳಗೇ ಕೂತಿರುವ ತಂತ್ರಾಂಶ, ಬಂತು. ಮುಖ್ಯ ಪ್ರೊಸೆಸರ್ ಪೂರ್ತಿ ಮಲಗುತ್ತದೆ. ಚಿಪ್ಪಿನೊಳಗೇ ಇರುವ ಇನ್ನೊಂದು ಪುಟ್ಟ ಪ್ರೊಸೆಸರ್ ಕಾವಲಿಗೆ ಕೂತು, ಗುಂಡಿ ಒತ್ತಿದಾಗ ಎಬ್ಬಿಸುತ್ತದೆ. ಅದನ್ನು ಬರೆದದ್ದು ಉತ್ಸಾಹಿಗಳು. ಚಿಪ್ಪಿನ ದಾಖಲೆ ಸಿಗುತ್ತಿದ್ದರಿಂದ, ಕೋಡ್ ಬಯಲಿನಲ್ಲಿದ್ದುದರಿಂದ ಅವರಿಗೆ ಅದು ಸಾಧ್ಯವಾಯಿತು.

ತಡವಾಗುವುದರ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. ತಡವಾದರೆ ಕಾಯೋಣ ಬಿಡಿ ಅಂತ ಅಳಿಯ ಅಂದ. ಕಾಯುವ ತಾಳ್ಮೆ ಇದ್ದರೂ ಯಂತ್ರ ಅಷ್ಟರಲ್ಲಿ ಹಳತಾಗುತ್ತದೆ, ಅದು ತೊಂದರೆ. ಪಂಡೋರಾ ಅನ್ನುವ ಲಿನಕ್ಸ್ ಅಂಗೈ ಯಂತ್ರಕ್ಕೆ 2008ರ ಸೆಪ್ಟೆಂಬರ್ 30ರಂದು ಮುಂಗಡ ತೆಗೆದುಕೊಂಡರು. ಮೊದಲ ಕಂತಿನ ನಾಲ್ಕು ಸಾವಿರಕ್ಕೆ ಜನ ಮುಗಿಬಿದ್ದರು. 600 ಮೆಗಾಹರ್ಟ್ಸ್, 256 ಎಂಬಿ ರ‍್ಯಾಮ್. ಆ ದಿನಕ್ಕೆ ಅದು ಬೆರಗು ಹುಟ್ಟಿಸುವ ಯಂತ್ರ. ಮೊದಲನೆಯವು ಜನರ ಕೈಗೆ ಹೋಗಿದ್ದು 2010ರ ಮೇ ತಿಂಗಳಲ್ಲಿ. ಅಷ್ಟರಲ್ಲಿ, 2009ರ ನವೆಂಬರ್‌ನಲ್ಲೇ, ನೋಕಿಯಾ ಎನ್900 ಬಂದಾಗಿತ್ತು. ಅದೂ ಲಿನಕ್ಸೇ, ಅದಕ್ಕೂ 600 ಮೆಗಾಹರ್ಟ್ಸ್, 256 ಎಂಬಿ. ಜೊತೆಗೆ ಅದು ಫೋನೂ ಹೌದು. ಪಂಡೋರಾ ಕಾದವರಲ್ಲಿ ಕೆಲವರಿಗೆ ಇನ್ನೂ ವರ್ಷಗಟ್ಟಲೆ ಕಾಯುವ ಕರ್ಮ ಇತ್ತು.

ಅದರ ತಮ್ಮ ಪೈರಾ. 2016ರಲ್ಲಿ ಬುಕಿಂಗ್ ಶುರುವಾಯಿತು. ಒಳಗಿದ್ದದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಒಮ್ಯಾಪ್ 5. ಆ ಕಂಪನಿ ಫೋನು, ಟ್ಯಾಬ್ಲೆಟ್‌ಗಳ ಚಿಪ್ ವ್ಯವಹಾರದಿಂದ ಹಿಂದೆ ಸರಿಯುವುದಾಗಿ 2012ರಲ್ಲೇ ಹೇಳಿಯಾಗಿತ್ತು. ಪೈರಾ ಮಾಡಿದವರು ಮೋಸಗಾರರಲ್ಲ. ಅತಿ ಪ್ರೀತಿಯಿಂದ, ಕೈಯಿಂದ ದುಡ್ಡು ಹಾಕಿ ಮಾಡಿದವರು. ಲಿಬ್ರೆಮ್ 5 ಫೋನಿನ ಕಥೆಯೂ ಅಷ್ಟೇ. 2017ರಲ್ಲಿ ದುಡ್ಡು ಎತ್ತಿದರು, 2019ರ ಜನವರಿಗೆ ಕೊಡುತ್ತೇವೆ ಅಂದರು, ದೊಡ್ಡ ಪ್ರಮಾಣದಲ್ಲಿ ತಯಾರಾಗಿದ್ದು 2020ರ ನವೆಂಬರ್‌ನಲ್ಲಿ. ಸಣ್ಣ ತಂಡ, ಸಣ್ಣ ಆರ್ಡರ್. ಪರದೆ ಮಾಡುವ ಕಾರ್ಖಾನೆಗೆ ಇವರ ಸಾವಿರ ಪರದೆ ಲೆಕ್ಕಕ್ಕೇ ಇಲ್ಲ. ಅಚ್ಚಿನಲ್ಲಿ ಕೂದಲೆಳೆ ವ್ಯತ್ಯಾಸ ಬಂದರೆ ಪ್ಲಾಸ್ಟಿಕ್ ಕವಚ ಕೂರುವುದಿಲ್ಲ, ಅಚ್ಚು ತಿದ್ದಲು ವಾರಗಟ್ಟಲೆ ಹೋಗುತ್ತದೆ.

ಒಳ್ಳೆಯ ಉದಾಹರಣೆಯೂ ಇದೆ. 2021ರ ಜುಲೈಯಲ್ಲಿ ವಾಲ್ವ್ ಕಂಪನಿ ಸ್ಟೀಮ್ ಡೆಕ್ ಅನ್ನುವ ಲಿನಕ್ಸ್ ಆಟದ ಯಂತ್ರ ತೋರಿಸಿದಾಗ ಸರತಿಯಲ್ಲಿ ಜಾಗ ಹಿಡಿಯಲು ತೆಗೆದುಕೊಂಡದ್ದು 5 ಡಾಲರ್ ಮಾತ್ರ. ಡಿಸೆಂಬರ್ ಅಂದದ್ದು ಫೆಬ್ರವರಿ 2022 ಆಯಿತು. ಎರಡು ತಿಂಗಳು ತಡ, ಅಷ್ಟೇ. ನಿದ್ದೆ ಹೋಗುವುದು, ಏಳುವುದು ಎಲ್ಲ ಸರಿ. ಆದರೆ ಅದರ ಹಿಂದೆ ದುಡ್ಡಿರುವ ದೊಡ್ಡ ಕಂಪನಿ ಇದೆ. ಅದು ಜೇಬಿಗೆ ಹೋಗುವ ಯಂತ್ರವೂ ಅಲ್ಲ. ಸುಮಾರು 30 ಸೆಂಟಿಮೀಟರ್ ಅಗಲ, 669 ಗ್ರಾಂ ತೂಕ. ಲೋಕಲ್‌ನಲ್ಲಿ ನಿಂತು ಹಿಡಿದರೆ ಎದುರಿನವರ ಗದ್ದಕ್ಕೆ ತಗಲುತ್ತದೆ.

ಬೆಲೆಯ ವಿಷಯಕ್ಕೆ ಬಂದರೆ ಈ ಹೊತ್ತಿನದೇ ಒಂದು ತೊಂದರೆ ಇದೆ. 2025ರ ಕೊನೆಯಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಜೋರಾಗಿ ಏರಿತು. ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಹೋಗುತ್ತಿದೆ, ಉಳಿದವರಿಗೆ ಕಡಿಮೆ ಬೀಳುತ್ತಿದೆ. ರಾಸ್‌ಬೆರಿ ಪೈಯವರೇ ಆ ಡಿಸೆಂಬರ್‌ನಲ್ಲಿ 16 ಜಿಬಿಯ ಪೈ 5ರ ಬೆಲೆಯನ್ನು 120 ಡಾಲರಿನಿಂದ 145ಕ್ಕೆ ಏರಿಸಿದರು. ಲಕ್ಷಗಟ್ಟಲೆ ಬೋರ್ಡು ಮಾರುವವರ ಪಾಡೇ ಹೀಗಾದರೆ, ಎರಡು ಸಾವಿರ ಯಂತ್ರ ಮಾಡುವವರು ಇವತ್ತು ಹೇಳಿದ ಬೆಲೆಗೆ ಮುಂದಿನ ವರ್ಷ 8 ಜಿಬಿ ಎಲ್ಲಿಂದ ತರುತ್ತಾರೆ? ರ‍್ಯಾಮ್ ಈಗಾಗಲೇ ಕೊಂಡು ಇಟ್ಟಿದ್ದೀರಾ ಅಂತ ಕೇಳುವುದು ಅಧಿಕಪ್ರಸಂಗ ಅಲ್ಲ. ಜನರಿಂದ ದುಡ್ಡು ಎತ್ತುವ ತಾಣಗಳಲ್ಲಂತೂ ಇದನ್ನು ಕೇಳಲೇಬೇಕು. ತಾನು ಅಂಗಡಿ ಅಲ್ಲ ಅಂತ ಕಿಕ್‌ಸ್ಟಾರ್ಟರ್ 2012ರಲ್ಲೇ ಸ್ಪಷ್ಟವಾಗಿ ಹೇಳಿದೆ. ಅಲ್ಲಿ ಕೊಡುವ ದುಡ್ಡಿಗೆ ವಸ್ತು ಬಂದೇ ಬರುತ್ತದೆ ಅನ್ನುವ ಖಾತರಿ ಇಲ್ಲ.

ಮುಂಬೈಗೆ ತರಿಸಿಕೊಳ್ಳುವ ಪಾಡು ಬೇರೆ. 2023ರ ಆಗಸ್ಟ್ 3ರಂದು ಕೇಂದ್ರ ಸರ್ಕಾರ ಲ್ಯಾಪ್‌ಟಾಪ್, ಟ್ಯಾಬ್ಲೆಟ್, ತೀರಾ ಸಣ್ಣ ಕಂಪ್ಯೂಟರುಗಳ ಆಮದಿಗೆ ನಿರ್ಬಂಧ ಹಾಕಿತು. ಅದೇ ಆದೇಶದಲ್ಲಿ ಒಂದು ವಿನಾಯಿತಿ ಇತ್ತು. ಆನ್‌ಲೈನ್‌ನಲ್ಲಿ ಕೊಂಡು ಅಂಚೆ ಅಥವಾ ಕೊರಿಯರ್ ಮೂಲಕ ತರಿಸುವ ಒಂದು ಯಂತ್ರಕ್ಕೆ ಪರವಾನಗಿ ಬೇಕಿಲ್ಲ, ಸುಂಕ ಮಾತ್ರ ಕಟ್ಟಬೇಕು. ಒಂದು ಅನ್ನುವುದು ಮುಖ್ಯ. ಗೆಳೆಯರೆಲ್ಲ ಸೇರಿ ಒಂದೇ ಪೊಟ್ಟಣದಲ್ಲಿ ಐದು ತರಿಸೋಣ, ಕೊರಿಯರ್ ಖರ್ಚು ಉಳಿಯುತ್ತೆ ಅಂತ ಅಳಿಯ ಲೆಕ್ಕ ಹಾಕಿದ್ದ. ಅದನ್ನು ಅಲ್ಲೇ ಬಿಡಿಸಿದೆ. ಪುಟದಲ್ಲಿ ಕಾಣುವ ಬೆಲೆಗೆ ಕೊರಿಯರ್, ಸುಂಕ, ಜಿಎಸ್‌ಟಿ, ಕಾರ್ಡಿನ ವಿದೇಶಿ ಶುಲ್ಕ ಎಲ್ಲ ಸೇರಿಸಿ ನೋಡಬೇಕು. ಕೆಟ್ಟರೆ ವಾಪಸ್ ಕಳಿಸುವ ಖರ್ಚೂ ನಮ್ಮದೇ.

ಬ್ಯಾಟರಿಯದ್ದು ಇನ್ನೂ ಸೂಕ್ಷ್ಮ. ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವುದನ್ನು 2016ರ ಏಪ್ರಿಲ್‌ನಿಂದ ಅಂತರರಾಷ್ಟ್ರೀಯ ನಿಯಮವೇ ನಿಲ್ಲಿಸಿದೆ. ಹಾಗಾಗಿ ಎರಡು ವರ್ಷದ ಮೇಲೆ ಬ್ಯಾಟರಿ ಊದಿಕೊಂಡರೆ ಅಲ್ಲಿಂದ ಹೊಸದನ್ನು ತರಿಸುವುದು ಕಷ್ಟ. 18650 ಥರದ ಮಾಮೂಲಿ ಸೆಲ್ ಹಾಕುವ ಯಂತ್ರವಾದರೆ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆದರೆ ಸಿಗುತ್ತದೆ. ಆ ಕಂಪನಿಗೆಂದೇ ಮಾಡಿಸಿದ ಚಪ್ಪಟೆ ಬ್ಯಾಟರಿಯಾದರೆ ಇಡೀ ಬೀದಿ ಸುತ್ತಿದರೂ ಸಿಗುವುದಿಲ್ಲ. ನಾನು ಸುತ್ತಿದ್ದೇನೆ. ಅಂಗಡಿಯವನು ಅಳತೆಪಟ್ಟಿ ಹಿಡಿದು ಉದ್ದ, ಅಗಲ, ದಪ್ಪ ಮೂರೂ ಅಳೆದು, ಅರ್ಧ ಮಿಲಿಮೀಟರ್ ಹೆಚ್ಚು ದಪ್ಪದ್ದೊಂದು ತೋರಿಸಿದ. ಹಾಕಿದರೆ ಕವಚ ಮುಚ್ಚಲಿಲ್ಲ.

ಸಿಮ್ ಹಾಕುವ ಮಾದರಿಗೆ ಜಾಸ್ತಿ ದುಡ್ಡು ಕೊಡುವ ಮೊದಲು ಅದು ಯಾವ ಮೊಬೈಲ್ ತರಂಗಗಳ ಬ್ಯಾಂಡ್ ಹಿಡಿಯುತ್ತದೆ ನೋಡಿ. ಜಿಯೋ 4ಜಿಗೆ 3, 5, 40 ಬೇಕು. ಫೋನಿನ ಹಾಟ್‌ಸ್ಪಾಟ್ ಇರುವಾಗ ನನಗಂತೂ ಅದು ಬೇಡ.

ಈಗ ಕನ್ನಡ. ಅಳಿಯನಿಗೆ ಬೇಕಾದ್ದು ಟರ್ಮಿನಲ್. ನನಗೆ ಅದರ ಜೊತೆಗೆ ಇನ್ನೊಂದು ಆಸೆ ಇದೆ. ಗಾಡಿಯಲ್ಲಿ ಕೂರಲು ಜಾಗ ಸಿಕ್ಕ ದಿನ ನಾಲ್ಕು ಸಾಲು ಕನ್ನಡದಲ್ಲಿ ಬರೆಯಬೇಕು. ನಮ್ಮ ಸಂಘದ ವರದಿಗಳನ್ನು ನಾನು ಬರೆಯುವುದು ಹೆಚ್ಚಾಗಿ ದಾರಿಯಲ್ಲೇ. ಲಿನಕ್ಸ್‌ನಲ್ಲಿ ಕನ್ನಡ ಇವತ್ತು ಒಳ್ಳೆಯ ಸ್ಥಿತಿಯಲ್ಲಿದೆ. ಅಕ್ಷರಗಳನ್ನು ಕೂಡಿಸುವ ಹಾರ್ಫ್‌ಬಜ್ ಅನ್ನುವ ತಂತ್ರಾಂಶ ನಮ್ಮ ಒತ್ತಕ್ಷರಗಳನ್ನು ಸರಿಯಾಗಿ ತೋರಿಸುತ್ತದೆ. ರೆಡ್ ಹ್ಯಾಟ್ ಬಿಡುಗಡೆ ಮಾಡಿದ ಲೋಹಿತ್ ಫಾಂಟ್ ಇದೆ, ನೋಟೋ ಇದೆ, ಗುಬ್ಬಿ, ನವಿಲು ಇವೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ನಾವು ಕಗಪ ಅನ್ನುವುದು, ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಮೊದಲೇ ಇರುತ್ತದೆ. ಬೇರೇನೂ ಹಾಕಿಕೊಳ್ಳಬೇಕಿಲ್ಲ.

ಹಾಗಿದ್ದ ಮೇಲೆ ತೊಂದರೆ ಎಲ್ಲಿ? ಹೆಬ್ಬೆರಳಿನ ಕೀಬೋರ್ಡಿನಲ್ಲಿ. ಕಗಪದಲ್ಲಿ ಕ ಬೇಕಾದರೆ ಕೆ ಒತ್ತಬೇಕು, ಖ ಬೇಕಾದರೆ ಶಿಫ್ಟ್ ಹಿಡಿದು ಕೆ. ಒತ್ತಿಗೆ ಎಫ್. ಅಂದರೆ ಪ್ರತಿ ನಾಲ್ಕೈದು ಅಕ್ಷರಕ್ಕೊಮ್ಮೆ ಶಿಫ್ಟ್ ಬೇಕೇ ಬೇಕು. ಇಂಗ್ಲಿಷಿನವರಿಗೆ ವಾಕ್ಯದ ಮೊದಲಲ್ಲಿ ಮಾತ್ರ ಬೇಕಾದ ಕೀ ನಮಗೆ ಉಪ್ಪಿನಷ್ಟು ಅಗತ್ಯ. ಚಿತ್ರದಲ್ಲಿದ್ದ ಯಂತ್ರದಲ್ಲಿ ಶಿಫ್ಟ್ ಒಂದೇ, ಎಡತುದಿಯ ಮೂಲೆಯಲ್ಲಿ, ಹೆಸರುಬೇಳೆಯಷ್ಟು ಗಾತ್ರದ್ದು. ಬಲಗಡೆ ಇಲ್ಲವೇ ಇಲ್ಲ. ಎಡಗೈ ಹೆಬ್ಬೆರಳು ಶಿಫ್ಟ್ ಮೇಲೆ ಕೂತರೆ ಎಡಭಾಗದ ಟಿ, ಡಿ, ಎಸ್ ಯಾರು ಒತ್ತಬೇಕು? ಥ, ಧ, ಶ ಬರೆಯುವಾಗ ಬಲಗೈ ಇಡೀ ಕೀಬೋರ್ಡ್ ದಾಟಿ ಬರಬೇಕು. ಒಮ್ಮೆ ಒತ್ತಿ ಬಿಟ್ಟರೆ ಮುಂದಿನ ಅಕ್ಷರಕ್ಕೆ ಅನ್ವಯವಾಗುವ ಹಾಗೆ ಶಿಫ್ಟನ್ನು ಹೊಂದಿಸಬಹುದು, ಸ್ಟಿಕಿ ಕೀ ಅಂತಾರಲ್ಲ, ಅದು. ಆಗ ಬದುಕಬಹುದು. ಆದರೆ ಕೀಬೋರ್ಡಿನ ಫರ್ಮ್‌ವೇರ್ ಬದಲಾಯಿಸಲು ಬಿಟ್ಟಿದ್ದರೆ ಇನ್ನೂ ಒಳ್ಳೆಯದು. ಬಲಗಡೆ ಯಾವುದೋ ಕೆಲಸಕ್ಕೆ ಬಾರದ ಕೀಯನ್ನು ಶಿಫ್ಟ್ ಮಾಡಿಕೊಳ್ಳಬಹುದು, ಅಲ್ವಾ?

ಟರ್ಮಿನಲ್‌ನೊಳಗೆ ಕನ್ನಡ ಇನ್ನೂ ಸೊರಗಿದೆ. ಗ್ರಾಫಿಕ್ಸ್ ಇಲ್ಲದ ಕರ್ನಲ್ ಕನ್ಸೋಲ್‌ಗೆ ಒಟ್ಟು 512 ಅಕ್ಷರರೂಪಗಳ ಮಿತಿ ಇದೆ, ಕೂಡಿಸುವ ಬುದ್ಧಿಯೂ ಇಲ್ಲ. ಕಿಟಕಿಯಲ್ಲಿ ತೆರೆಯುವ ಟರ್ಮಿನಲ್‌ಗಳು ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಚೌಕ ಕೊಡುತ್ತವೆ. ಅಲ್ಲಿ 'ಸ್ತ್ರೀ' ಅಂತ ಬರೆದರೆ ಬಹುತೇಕ ಕಡೆ ಬಿಡಿಬಿಡಿಯಾಗಿ ಒಡೆದು ಬೀಳುತ್ತದೆ. ಹಾಗಾಗಿ ಬರಿ ಟರ್ಮಿನಲ್ ಮಾತ್ರ ತೋರಿಸುವ ಹಗುರ ಯಂತ್ರ ನನಗೆ ಸಾಲದು. ಒಂದು ಸಾದಾ ಬರಹದ ಕಿಟಕಿ ತೆರೆಯುವಷ್ಟಾದರೂ ಗ್ರಾಫಿಕ್ಸ್ ಬೇಕು. ಮಾರುವ ಪುಟಗಳ ವಿಡಿಯೋಗಳಲ್ಲಿ ಕನ್ನಡ ಬಿಡಿ, ಭಾರತದ ಯಾವ ಲಿಪಿಯನ್ನೂ ಬರೆದು ತೋರಿಸಿದ್ದನ್ನು ನಾನು ನೋಡಿಲ್ಲ. ನಾವು ಕೇಳಿದರೆ ತೋರಿಸಿಯಾರು. ಕೇಳುವವರಿಲ್ಲದೆ ಅದು ಅವರ ಪಟ್ಟಿಗೇ ಬರುವುದಿಲ್ಲ.

ಇಷ್ಟೆಲ್ಲ ಯಾಕೆ, ಫೋನೇ ಸಾಕಲ್ಲ ಅಂತ ಅಕ್ಕ ಒಳಗಿನಿಂದಲೇ ಕೇಳಿದಳು. ನ್ಯಾಯವಾದ ಪ್ರಶ್ನೆ. 2025ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಲ್ಲಿ ಡೆಬಿಯನ್ ಓಡಿಸುವ ಟರ್ಮಿನಲ್ ಕೊಟ್ಟಿತು. ಬೇರೆ ಆಂಡ್ರಾಯ್ಡ್ ಫೋನುಗಳಲ್ಲಿ ಟರ್ಮಕ್ಸ್ ಅನ್ನುವ ಆ್ಯಪ್ ಇದ್ದೇ ಇದೆ. ಒಂದು ಮಡಚುವ ಬ್ಲೂಟೂತ್ ಕೀಬೋರ್ಡ್ ಜೊತೆಗಿದ್ದರೆ ಕೆಲಸ ನಡೆಯುತ್ತದೆ, ಎಲ್ಲಾದರೂ ಕೂರಲು ಜಾಗ ಸಿಕ್ಕರೆ. ದುಡ್ಡು ಬಿಗಿ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೂ ನನಗೆ ಆ ಪುಟ್ಟ ಯಂತ್ರಗಳು ಬೇಕು. ಬ್ಯಾಟರಿ ನಾನೇ ಬದಲಾಯಿಸುವ, ಒಳಗಿನದ್ದನ್ನು ನಾನೇ ತಿದ್ದುವ, ಯಾರ ಅನುಮತಿಯೂ ಬೇಡದ ಕಂಪ್ಯೂಟರ್ ಅಂಗೈಯಲ್ಲಿ ಇರಬೇಕು ಅನ್ನುವುದು ನನ್ನ ಹಳೇ ಆಸೆ.

ಆ ಆಸೆ ಹುಟ್ಟಿದ್ದು ನಮ್ಮವರದೇ ಒಂದು ಯಂತ್ರದಿಂದ. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಸಭೆಯಿಂದ ಸಿಂಪ್ಯೂಟರ್ ಯೋಚನೆ ಬಂತು. ಐಐಎಸ್‌ಸಿಯ ಪ್ರಾಧ್ಯಾಪಕರು, ಎನ್‌ಕೋರ್ ಸಾಫ್ಟ್‌ವೇರ್‌ನ ಎಂಜಿನಿಯರುಗಳು ಸೇರಿ ಟ್ರಸ್ಟ್ ಕಟ್ಟಿದರು. ಹಳ್ಳಿಯವರೂ ಬಳಸಬಹುದಾದ, ನಮ್ಮ ಭಾಷೆಗಳಲ್ಲಿ ಮಾತಾಡುವ, ಲಿನಕ್ಸ್ ಮೇಲೆ ಓಡುವ ಅಂಗೈ ಕಂಪ್ಯೂಟರ್. ಯಂತ್ರದ ವಿನ್ಯಾಸವನ್ನೇ ಮುಕ್ತ ಪರವಾನಗಿಯಲ್ಲಿ ಕೊಟ್ಟರು. 2001ರಲ್ಲಿ ಮಾದರಿ ತೋರಿಸಿದರು. ಬಿಇಎಲ್ ಜೊತೆ ಸೇರಿ ಅಮಿಡಾ ಸಿಂಪ್ಯೂಟರ್ ಮಾರಾಟಕ್ಕೆ ಬಂದಿದ್ದು 2004ರಲ್ಲಿ, ಹತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಶುರು. ಒಳಗಿದ್ದದ್ದು 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್. ಅದೇ ವೇಗದ ಅದೇ ಚಿಪ್ ಹೊರದೇಶದ ಅಂಗೈ ಯಂತ್ರಗಳಾದ ಕಾಂಪ್ಯಾಕ್ ಐಪ್ಯಾಕ್‌ನಲ್ಲಿ 2000ದಲ್ಲೇ ಇತ್ತು, ಶಾರ್ಪ್ ಝೌರಸ್‌ನಲ್ಲಿ 2002ರಲ್ಲಿ. ಯೋಚನೆಯಿಂದ ಅಂಗಡಿಗೆ ಆರು ವರ್ಷ. ಅಷ್ಟರಲ್ಲಿ ಮೊಬೈಲ್ ಫೋನು ಹಳ್ಳಿಹಳ್ಳಿಗೆ ಹೊರಟಾಗಿತ್ತು. ಸಿಂಪ್ಯೂಟರ್ ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಅದರ ಯೋಚನೆಯಲ್ಲಿ ತಪ್ಪಿತ್ತು ಅಂತ ನಾನು ಇವತ್ತಿಗೂ ಒಪ್ಪುವುದಿಲ್ಲ. ಅದಕ್ಕೇ, ಇಂಥ ಯಂತ್ರ ಮಾಡುವವರನ್ನು ಸುಮ್ನೆ ಬೈದು ಬಿಡಲು ನನಗೆ ಮನಸ್ಸಿಲ್ಲ. ಅವರ ಕೈಯಲ್ಲಿ ಈಗ ಏನಿದೆ ಅನ್ನುವುದನ್ನು ಮಾತ್ರ ನೋಡಿ ದುಡ್ಡು ಕೊಡಬೇಕು ಅನ್ನುತ್ತೇನೆ.

ಸಂಜೆ ಕೂತು ಅಳಿಯ ಆ ತಂಡಕ್ಕೆ ಒಂದು ಮೇಲ್ ಬರೆದ. ಮಾದರಿ ಯಂತ್ರದಲ್ಲಿ ಈಗ ಓಡುತ್ತಿರುವ ಕರ್ನಲ್ ಯಾವುದು, ಅದು ಮೇನ್‌ಲೈನೋ ಚಿಪ್ ಕಂಪನಿಯದ್ದೋ. ರಾತ್ರಿ ಎಂಟು ಗಂಟೆ ಸಸ್ಪೆಂಡ್‌ನಲ್ಲಿ ಇಟ್ಟರೆ ಬ್ಯಾಟರಿ ಎಷ್ಟು ಇಳಿಯುತ್ತದೆ. ಬ್ಯಾಟರಿಯ ಅಳತೆ ಏನು, ಬಿಡಿಯಾಗಿ ಸಿಗುತ್ತದಾ. ಕೀಬೋರ್ಡ್ ಫರ್ಮ್‌ವೇರ್ ಕೋಡ್ ಕೊಡುತ್ತೀರಾ. ಕೊನೆಗೆ ನನ್ನ ಒತ್ತಾಯಕ್ಕೆ ಇನ್ನೊಂದು ಸಾಲು: ಬರಹದ ಕಿಟಕಿಯಲ್ಲಿ 'ಸ್ತ್ರೀ' ಅಂತ ಬರೆದು ಅದರ ಚಿತ್ರ ಕಳಿಸಿ.

ಬುಧವಾರ ಉತ್ತರ ಬಂತು. ಮರ್ಯಾದೆಯಿಂದ, ಪ್ರತಿ ಪ್ರಶ್ನೆಗೂ ಬರೆದಿದ್ದರು. ಕರ್ನಲ್ ಚಿಪ್ ಕಂಪನಿಯದ್ದು, ಮೇನ್‌ಲೈನ್ ಕೆಲಸ ಶುರು ಮಾಡಿದ್ದಾರಂತೆ. ಸಸ್ಪೆಂಡ್ ಇನ್ನೂ ಆಗಿಲ್ಲ. ಬ್ಯಾಟರಿ ಅವರೇ ಮಾಡಿಸಿದ್ದು. ಕೀಬೋರ್ಡ್ ಕೋಡ್ ಮುಂದಿನ ತಿಂಗಳು ಹಾಕುತ್ತೇವೆ ಅಂದಿದ್ದರು. ಜೊತೆಗೆ ಒಂದು ಚಿತ್ರ. ಕೈಯಲ್ಲಿ ಹಿಡಿದ ಯಂತ್ರ, ಪರದೆ ಮೇಲೆ ದೊಡ್ಡದಾಗಿ 'ಸ್ತ್ರೀ'. ಒತ್ತು ಸರಿಯಾಗಿ ಕೂತಿತ್ತು, ರಕಾರವೂ ತನ್ನ ಜಾಗದಲ್ಲಿತ್ತು.

ಅಳಿಯ ದುಡ್ಡು ಕಟ್ಟಲಿಲ್ಲ. ರಿಯಾಯಿತಿಯ ಗಡುವು ಶುಕ್ರವಾರ ಮುಗಿಯಿತು. ಕೀಬೋರ್ಡ್ ಕೋಡ್ ಹೊರಗೆ ಬಂದರೆ ಬಲಗಡೆ ಶಿಫ್ಟ್ ಸೇರಿಸಿ ಅವರಿಗೆ ಕಳಿಸುತ್ತೇನೆ ಅಂತ ಮಾತ್ರ ಉತ್ತರ ಬರೆದಿದ್ದಾನೆ. ಸಸ್ಪೆಂಡ್ ಆದ ದಿನ ನನಗೊಂದು ಮೇಲ್ ಹಾಕಿ ಅಂತಲೂ ಸೇರಿಸಿದ್ದಾನೆ.